ನಸುಕಿಗೇ ಹೊರಡಬೇಡಿ: ಕಾಶಿಯಿಂದ ಶ್ರಾವಸ್ತಿಗೆ ಹಳ್ಳಿ ದಾರಿಯಲ್ಲಿ

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಕಾಶಿಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, ಹನ್ನೆರಡು ವರ್ಷದ ಮಗಳು, 68 ವರ್ಷದ ನನ್ನ ಅಮ್ಮ. ಅಲ್ಲಿಂದ ಕಾರಿನಲ್ಲಿ ಅಯೋಧ್ಯೆ, ಆಮೇಲೆ ಶ್ರಾವಸ್ತಿ. ಎಲ್ಲರೂ ಹೈವೇ ಹಿಡಿಯಿರಿ ಅನ್ನುತ್ತಾರೆ. ನನಗೆ ಹಳ್ಳಿಗಳ ನಡುವೆ ಹೋಗಬೇಕು ಅಂತ ಬಹಳ ದಿನದ ಆಸೆ. ಮ್ಯಾಪ್ ಕಾಶಿಯಿಂದ ಅಯೋಧ್ಯೆಗೆ ಸುಮಾರು ಐದು ಗಂಟೆ ತೋರಿಸುತ್ತಿದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಮಧ್ಯಾಹ್ನದೊಳಗೆ ನಿಧಾನವಾಗಿಯೇ ತಲುಪಬಹುದಲ್ವಾ? ಕಾರು ನಾನೇ ಓಡಿಸಲಾ? ಹಿಂದಿ ಅಷ್ಟಕ್ಕಷ್ಟೆ. ಆ ಕಡೆ ಹಳ್ಳಿಗಳಲ್ಲಿ ಹೆದರಿಕೆ ಏನೂ ಇಲ್ವಾ?

ಉತ್ತರ: ಮೊದಲು ಆ ನಾಲ್ಕು ಗಂಟೆಯ ಮಾತು ಮುಗಿಸೋಣ. ದಯವಿಟ್ಟು ಹೊರಡಬೇಡಿ. ನಮ್ಮ ಕಡೆ ದೂರದ ಪ್ರಯಾಣ ಅಂದರೆ ಕೋಳಿ ಕೂಗುವ ಮುಂಚೆ ಗಾಡಿ ಸ್ಟಾರ್ಟ್ ಆಗಬೇಕು. ಬೆಂಗಳೂರಿನ ಟ್ರಾಫಿಕ್ ಕಲಿಸಿದ ಬುದ್ಧಿ ಅದು. ಗಂಗಾ ಬಯಲಿನಲ್ಲಿ ಡಿಸೆಂಬರ್ ಕೊನೆಗೆ ಅದೇ ಬುದ್ಧಿ ಪ್ರಾಣಕ್ಕೆ ಬರುತ್ತದೆ.

ಕಾರಣ ಕೋಹರಾ, ಅಂದರೆ ಮಂಜು. ಮಡಿಕೇರಿಯಲ್ಲೋ ಚಾರ್ಮಾಡಿಯಲ್ಲೋ ನೋಡಿದ ಮಂಜನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅಲ್ಲಿ ಒಂದು ತಿರುವಿನಲ್ಲಿ ಬಂದದ್ದು ಮುಂದಿನ ತಿರುವಿನಲ್ಲಿ ಸರಿಯುತ್ತದೆ. ಇಲ್ಲಿ ಅದು ನೂರಾರು ಕಿಲೋಮೀಟರ್ ಉದ್ದಕ್ಕೂ ನೆಲಕ್ಕೆ ಅಂಟಿಕೊಂಡು ಮಲಗಿರುತ್ತದೆ. ನವೆಂಬರ್‌ನಲ್ಲಿ ಬಿತ್ತಿದ ಗೋಧಿಗೆ ಮೂರು ವಾರ ಆದಾಗ ಮೊದಲ ನೀರು ಕೊಡುತ್ತಾರೆ. ಹಾಗಾಗಿ ಡಿಸೆಂಬರ್ ಹೊತ್ತಿಗೆ ಎಲ್ಲಿ ನೋಡಿದರೂ ಒದ್ದೆ ಹೊಲ, ತುಂಬಿದ ಕಾಲುವೆ. ಗಾಳಿ ಇಲ್ಲ. ಮೋಡವೂ ಇಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ಅದರ ಮೇಲಿನ ತೇವದ ಗಾಳಿ ಹಾಗೇ ಮಂಜಾಗುತ್ತದೆ. ಬೆಳಗಿನ ಜಾವ ಮೂರು ನಾಲ್ಕರಿಂದ ಒಂಬತ್ತು ಹತ್ತರವರೆಗೆ ಅದರದ್ದೇ ರಾಜ್ಯ. ಕೆಟ್ಟ ದಿನಗಳಲ್ಲಿ ನಿಮ್ಮ ಬಾನೆಟ್ಟಿನ ತುದಿ ಕಂಡರೆ ಪುಣ್ಯ.

ಸಂಜೆಯೂ ಬೇಗ ಬರುತ್ತದೆ. ಬೆಂಗಳೂರಿನಲ್ಲಿ ಆಗ ಆರು ಗಂಟೆಗೆ ಸೂರ್ಯ ಮುಳುಗಿದರೆ ಅಯೋಧ್ಯೆಯಲ್ಲಿ ಐದೂಕಾಲರ ಸುಮಾರಿಗೇ ಮುಳುಗುತ್ತಾನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಅಷ್ಟೇ ನಿಮ್ಮ ದಿನ. ಈ ಪ್ರವಾಸವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಈ ಏಳು ಗಂಟೆಯಲ್ಲಿ ಅಳೆಯಿರಿ. ಊಟ, ಚಹಾ, ರೈಲ್ವೆ ಗೇಟು, ದಾರಿ ತಪ್ಪುವುದು ಎಲ್ಲಾ ಕಳೆದರೆ ಹಳ್ಳಿ ದಾರಿಯಲ್ಲಿ ದಿನಕ್ಕೆ ನೂರು ನೂರೈವತ್ತು ಕಿಲೋಮೀಟರ್ ಧಾರಾಳ ಆಯಿತು.

ಹೀಗೆ ಹೇಳುವುದಕ್ಕೆ ನನ್ನದೇ ಒಂದು ಪೆಟ್ಟಿನ ಹಿನ್ನೆಲೆ ಇದೆ. ಬಹಳ ವರ್ಷದ ಹಿಂದೆ, ಜನವರಿಯಲ್ಲಿ, ರೈಲು ಹಿಡಿಯಲು ಅಯೋಧ್ಯೆ ಆಚೆಯ ಗೋಂಡಾ ಕಡೆಯಿಂದ ಬೆಳಿಗ್ಗೆ ಐದಕ್ಕೆ ಹೊರಟಿದ್ದೆ. ಡ್ರೈವರ್ ಬೇಡ ಅಂದ. ನಾನು ಹಟ ಮಾಡಿದೆ. ರಸ್ತೆ ಮಧ್ಯೆ ಆಕ್ಸಲ್ ಮುರಿದ ಕಬ್ಬಿನ ಟ್ರಾಲಿ ನಿಂತಿತ್ತು. ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಹಿಂದೆ ನಾಲ್ಕು ಇಟ್ಟಿಗೆ, ಒಂದು ಬೇವಿನ ಕೊಂಬೆ ಇಟ್ಟು ಟ್ರ್ಯಾಕ್ಟರಿನವನು ಹೋಗಿದ್ದ. ನಾವು ಇಪ್ಪತ್ತರ ಸ್ಪೀಡಿನಲ್ಲಿ ಇದ್ದದ್ದಕ್ಕೆ ಬಾನೆಟ್ ಮಾತ್ರ ಹೋಯಿತು. ಪಕ್ಕದ ಗುಡಿಸಲಿನವರು ಕಾರು ತಳ್ಳಿ ಬದಿಗೆ ಹಾಕಿ, ನಮ್ಮನ್ನು ಬೆಂಕಿ ಮುಂದೆ ಕೂರಿಸಿದರು. ರೈಲು ಆ ದಿನ ಏಳು ಗಂಟೆ ತಡ ಅಂತ ಆಮೇಲೆ ಗೊತ್ತಾಯಿತು! ಅವಸರ ಯಾಕೆ ಬೇಕಿತ್ತು ಹೇಳಿ.

ಈ ಕಬ್ಬಿನ ಟ್ರಾಲಿ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಿಮ್ಮ ದಾರಿಯಲ್ಲಿ ನಿಜವಾದ ಅಪಾಯ ಅಂತ ಒಂದೇ ಒಂದನ್ನು ಆರಿಸಿ ಅಂದರೆ ನಾನು ಆರಿಸುವುದು ಇದನ್ನೇ. ಮಂಡ್ಯ ಕಡೆಯವರಿಗೆ ಕಬ್ಬಿನ ಗಾಡಿ ಹೊಸದಲ್ಲ. ಆದರೆ ಇಲ್ಲಿ ಕಬ್ಬು ಅರೆಯುವ ಕಾಲ ನವೆಂಬರ್‌ನಿಂದ ಹೆಚ್ಚುಕಮ್ಮಿ ಏಪ್ರಿಲ್‌ವರೆಗೆ. ಅಂದರೆ ಮಂಜಿನ ಕಾಲ ಪೂರ್ತಿ ಅದರೊಳಗೇ ಬರುತ್ತದೆ. ಟ್ರಾಲಿಯ ಎರಡೂ ಬದಿಗೆ ಕಬ್ಬು ಚಾಚಿಕೊಂಡಿರುತ್ತದೆ. ಹಿಂದಿನ ಕೆಂಪು ದೀಪ ಇದ್ದರೂ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಎದುರಿನಿಂದ ಬರುವ ಟ್ರ್ಯಾಕ್ಟರಿಗೆ ಕೆಲವು ಸಲ ಒಂದೇ ಹೆಡ್‌ಲೈಟ್ ಉರಿಯುತ್ತಿರುತ್ತದೆ. ನೀವು ಬೈಕು ಅಂದುಕೊಂಡು ಅಷ್ಟೇ ಜಾಗ ಬಿಡುತ್ತೀರಿ. ಹತ್ತಿರ ಬಂದಾಗ ಅದು ಮನೆಯಷ್ಟು ಅಗಲ ಇರುತ್ತದೆ. ಒಂಟಿ ದೀಪ ಕಂಡರೆ ದೊಡ್ಡ ಗಾಡಿ ಅಂತಲೇ ತಿಳಿಯಿರಿ, ಪೂರ್ತಿ ಎಡಕ್ಕೆ ಸರಿಯಿರಿ. ಘಾಘ್ರಾ ನದಿ, ಅಂದರೆ ಅಯೋಧ್ಯೆಯವರ ಸರಯೂ, ದಾಟಿ ಗೋಂಡಾ, ಬಲರಾಂಪುರದ ಕಡೆ ಹೋದಂತೆ ಕಬ್ಬು ಜಾಸ್ತಿ. ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ, ತೂಕದ ಕಾಂಟಾ ಇರುವ ಕಡೆ ಟ್ರಾಲಿಗಳು ಸಾಲುಗಟ್ಟಿ ಅರ್ಧ ರಸ್ತೆಯಲ್ಲೇ ನಿಂತಿರುತ್ತವೆ.

ಟ್ರಾಲಿಗೆ ಬೈದು, ಕಬ್ಬನ್ನು ಮಾತ್ರ ಬೈಯಲಾರೆ. ಆ ದಾರಿಯಲ್ಲಿ ಹೊಗೆ ಮೇಲೇಳುವ ಕಡೆ ಗಾಡಿ ನಿಲ್ಲಿಸಿ ನೋಡಿ. ಅದು ಕೋಲ್ಹು, ನಮ್ಮ ಆಲೆಮನೆ. ದೊಡ್ಡ ಕೊಪ್ಪರಿಗೆಯಲ್ಲಿ ರಸ ಕುದಿಯುತ್ತಿರುತ್ತದೆ. ಬಿಸಿ ಬೆಲ್ಲ ಒಂದು ಎಲೆಗೆ ಹಾಕಿ ಕೊಡುತ್ತಾರೆ. ನಿಮ್ಮ ಮಗಳಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಅದೊಂದೇ ಆದರೂ ಆಶ್ಚರ್ಯ ಇಲ್ಲ.

ಇನ್ನು ಕಾರು ನೀವೇ ಓಡಿಸುವ ವಿಷಯ. ಬೇಡ. ನಿಮ್ಮ ಡ್ರೈವಿಂಗ್ ಬಗ್ಗೆ ಅನುಮಾನ ಇಲ್ಲ. ಮಂಜಿನಲ್ಲಿ ಅಲ್ಲಿನವರ ಕಣ್ಣು ಬೇರೆ ಥರ ಪಳಗಿರುತ್ತದೆ. ಬನಾರಸ್, ಜೌನ್‌ಪುರ, ಅಯೋಧ್ಯೆಯ ಕಡೆಯವನೇ ಆದ ಡ್ರೈವರ್ ಇರುವ, ಹಳದಿ ನಂಬರ್ ಪ್ಲೇಟಿನ ಬಾಡಿಗೆ ಕಾರು ತಗೊಳ್ಳಿ. ಒಂದು ಮಾತು ನೆನಪಿಡಿ. ಡ್ರೈವರಿಗೆ ಮಲಗಲು ಎಲ್ಲಿ ಜಾಗ ಅಂತ ಹೋಟೆಲ್ ಬುಕ್ ಮಾಡುವಾಗಲೇ ಕೇಳಿ. ಇಲ್ಲದಿದ್ದರೆ ಅವನು ಐದಾರು ಡಿಗ್ರಿ ಚಳಿಯಲ್ಲಿ ಕಾರಿನಲ್ಲೇ ಮಲಗುತ್ತಾನೆ. ಮರುದಿನ ನಿಮ್ಮ ನಾಲ್ಕು ಜನರ ಜೀವ ಆ ನಿದ್ದೆಗೆಟ್ಟ ಕಣ್ಣಿನ ಮೇಲೆ ನಿಂತಿರುತ್ತದೆ. ರೂಮಿಗೆ ಕೊಡುವ ನಾನ್ನೂರು ಐನೂರು ರೂಪಾಯಿ ಅಲ್ಲಿ ಉಳಿಸುವ ದುಡ್ಡಲ್ಲ. "ಇವತ್ತು ಕೋಹರಾ ಜಾಸ್ತಿ, ಕಾಯೋಣ" ಅಂತ ಅವನು ಅಂದರೆ ಎರಡನೇ ಮಾತು ಆಡಬೇಡಿ.

ಹಳ್ಳಿ ದಾರಿಯಲ್ಲೇ ಪೂರ್ತಿ ಹೋಗುತ್ತೇನೆ ಅನ್ನುವ ಹಟವನ್ನೂ ಬಿಡಿ. ನಾನು ಮಾಡುವುದು ಮೀನಿನ ಮುಳ್ಳಿನ ಲೆಕ್ಕ. ದೊಡ್ಡ ರಸ್ತೆ ನಡುಮುಳ್ಳು. ಅದರಿಂದ ಅಲ್ಲಲ್ಲಿ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಇಳಿಯುವುದು, ನೋಡುವುದು, ಮತ್ತೆ ಮೇಲೆ ಬರುವುದು. ನಿಮ್ಮ ದಾರಿ ಹೀಗಿರಲಿ: ಕಾಶಿ, ಜೌನ್‌ಪುರ, ಶಾಹಗಂಜ್, ಅಕ್ಬರ್‌ಪುರ, ಅಯೋಧ್ಯೆ. ಮೊದಲ ದಿನ ಹತ್ತಕ್ಕೆ ಹೊರಟು ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದ ಜೌನ್‌ಪುರಕ್ಕೆ ಹೋಗಿ ಅಲ್ಲೇ ಉಳಿಯಿರಿ. ಗೋಮತಿ ಮೇಲೆ ಅಕ್ಬರನ ಕಾಲದ ಕಲ್ಲಿನ ಸೇತುವೆ ಇದೆ, 1560ರ ದಶಕದ್ದು. ಅದರ ಮೇಲೆ ಇವತ್ತೂ ಜನ ಓಡಾಡುತ್ತಾರೆ. ಸಂಜೆ ಅಲ್ಲಿನ ಇಮರತಿ ತಿನ್ನಿ. ನಾವು ಜಹಾಂಗೀರ್ ಅನ್ನುತ್ತೇವಲ್ಲ, ಅದೇ ಉದ್ದಿನ ಹಿಟ್ಟಿನದು. ಆದರೆ ಇನ್ನೂ ಮೆತ್ತಗೆ, ಬಣ್ಣ ಕಂದು.

ಎರಡನೇ ದಿನದ್ದು ಸುಮಾರು ನೂರೈವತ್ತು ಕಿಲೋಮೀಟರ್. ಮಧ್ಯಾಹ್ನ ಊಟಕ್ಕೆ ಅಕ್ಬರ್‌ಪುರ. ಇದು ರಾಮ ಮನೋಹರ ಲೋಹಿಯಾ ಹುಟ್ಟಿದ ಊರು, 1910ರಲ್ಲಿ. ಆಗ ಫೈಜಾಬಾದ್ ಜಿಲ್ಲೆ, ಈಗ ಅಂಬೇಡ್ಕರ್ ನಗರ ಜಿಲ್ಲೆ. 1951ರಲ್ಲಿ ನಮ್ಮ ಸಾಗರದ ಕಾಗೋಡಿಗೆ ಬಂದು ಗೇಣಿದಾರರ ಜೊತೆ ನಿಂತು ಬಂಧನಕ್ಕೆ ಒಳಗಾದ ಅದೇ ಲೋಹಿಯಾ. ಶಿವಮೊಗ್ಗದ ಕಡೆಯವರು ಈ ಊರಿನಲ್ಲಿ ಒಂದು ಚಹಾ ಕುಡಿಯದೆ ಮುಂದೆ ಹೋದರೆ ನನಗೆ ಬೇಜಾರು.

ಮ್ಯಾಪಿನಲ್ಲಿ ಹಾಕುವಾಗ ಮಾತ್ರ ಜಿಲ್ಲೆಯ ಹೆಸರನ್ನೂ ಸೇರಿಸಿ. ಕಾನ್ಪುರದ ಹತ್ತಿರ ಇನ್ನೊಂದು ಅಕ್ಬರ್‌ಪುರ ಇದೆ. ಹಳ್ಳಿಗಳ ಹೆಸರಂತೂ ಕೇಳಲೇಬೇಡಿ, ಒಂದೇ ಹೆಸರಿನವು ರಾಶಿ ರಾಶಿ. ಹೆಸರಿನ ಕೊನೆಗೆ ಖುರ್ದ್ ಅಂದರೆ ಚಿಕ್ಕದು, ಕಲಾಂ ಅಂದರೆ ದೊಡ್ಡದು. ನಮ್ಮ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಹಾಗೆ. ಗಂಜ್ ಅಂತ ಬಂದರೆ ಅದು ಪೇಟೆ, ಅಲ್ಲಿ ಊಟ, ಪಂಕ್ಚರ್ ಅಂಗಡಿ ಸಿಗುತ್ತದೆ ಅಂತ ಲೆಕ್ಕ. ಪುರ್ವಾ ಅಂದರೆ ಹತ್ತಿಪ್ಪತ್ತು ಮನೆಯ ಕೊಪ್ಪಲು, ಅಲ್ಲಿ ಏನೂ ಸಿಗುವುದಿಲ್ಲ.

ಯಾವ ರಸ್ತೆಯಲ್ಲಿ ಇದ್ದೀರಿ ಅಂತ ತಿಳಿಯಲು ಮೈಲಿಗಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಕಂಡರೆ ನೀವು ಹಳ್ಳಿ ರಸ್ತೆಗೆ ಇಳಿದಿರಿ ಅಂತ ಅರ್ಥ. ಹೆಚ್ಚಾಗಿ ಅದು 2000ರ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ. ಬಯಲು ಸೀಮೆಯಲ್ಲಿ ಐನೂರು ಜನಕ್ಕಿಂತ ಜಾಸ್ತಿ ಇರುವ ಊರುಗಳಿಗೆ ಸರ್ವಋತು ರಸ್ತೆ ಕೊಡುವುದು ಅದರ ಗುರಿ. ಇದರ ಅಗಲ ಸಾಮಾನ್ಯವಾಗಿ 3.75 ಮೀಟರ್. ಎರಡು ಕಾರು ಎದುರಾದರೆ ಇಬ್ಬರೂ ಒಂದು ಚಕ್ರ ಮಣ್ಣಿಗೆ ಇಳಿಸಲೇಬೇಕು. ಪಕ್ಕದ ಹೊಲಕ್ಕೆ ನೀರು ಬಿಟ್ಟಿದ್ದರೆ ಆ ಮಣ್ಣು ಹಲ್ವಾ ಥರ ಇರುತ್ತದೆ. ಮೊದಲು ನಿಲ್ಲಿಸಿ, ಇಳಿದು ಕಾಲಲ್ಲಿ ಒತ್ತಿ ನೋಡಿ, ಆಮೇಲೆ ಇಳಿಸಲು ಹೇಳಿ. ಊರೊಳಗೆ ಟಾರು ಮುಗಿದು ಇಟ್ಟಿಗೆ ಹಾಸಿದ ದಾರಿ ಶುರುವಾಗುತ್ತದೆ. ಅದಕ್ಕೆ ಖಡಂಜಾ ಅನ್ನುತ್ತಾರೆ. ಅಲ್ಲಿಂದ ಮುಂದೆ ಕಾರು ಬೇಡ, ನಡೆದೇ ಹೋಗಿ. ತಿರುಗಿಸಲು ಜಾಗ ಇರುವುದಿಲ್ಲ, ಅಂಗಳದಲ್ಲಿ ಮಕ್ಕಳು, ಆಡಿನ ಮರಿ ಇರುತ್ತವೆ. ಹಂಪ್ಸ್‌ಗೆ ಅಲ್ಲಿ ಬ್ರೇಕರ್ ಅನ್ನುತ್ತಾರೆ. ಬಿಳಿ ಪಟ್ಟೆ ಇರುವುದಿಲ್ಲ. ಯಾರ ಮನೆ ಮುಂದೆ ಬೇಕೋ ಅವರೇ ಮಾಡಿಕೊಂಡಿರುತ್ತಾರೆ.

ಮ್ಯಾಪನ್ನು ಎಲ್ಲಿ ನಂಬಬಾರದು ಅಂದರೆ ನದಿ ದಾಟುವಲ್ಲಿ. 2024ರ ನವೆಂಬರ್‌ನಲ್ಲಿ ಬರೇಲಿ ಮತ್ತು ಬದಾಯೂಂ ನಡುವೆ ಮುರಿದ ಸೇತುವೆಯಿಂದ ಕಾರೊಂದು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಮ್ಯಾಪ್ ತೋರಿಸಿದ ದಾರಿಯಲ್ಲಿ ಹೋಗಿದ್ದರು ಅಂತ ಆಗ ಸುದ್ದಿಯಾಗಿತ್ತು. ನಿಮ್ಮ ದಾರಿಯಲ್ಲಿ ಇನ್ನೊಂದು ಥರದ ಮೋಸ ಇದೆ. ಅದು ಪೀಪಾ ಪುಲ್, ದೊಡ್ಡ ಕಬ್ಬಿಣದ ಪೀಪಾಯಿಗಳನ್ನು ನೀರಿನ ಮೇಲೆ ತೇಲಿಬಿಟ್ಟು ಕಟ್ಟುವ ಸೇತುವೆ. ಮಳೆಗಾಲ ಮುಗಿದ ಮೇಲೆ ಜೋಡಿಸುತ್ತಾರೆ, ಜೂನ್ ಹೊತ್ತಿಗೆ ಬಿಚ್ಚುತ್ತಾರೆ. ಒಂದೊಂದು ವರ್ಷ ಜೋಡಿಸುವುದು ತಡವಾಗುತ್ತದೆ. ಅಲ್ಲಿಗೆ ಹೋಗುವ ದಾರಿಯೂ ಮರಳ ಮೇಲೆ ಕಬ್ಬಿಣದ ತಗಡು ಹಾಸಿದ್ದು. ನೋಡಲು ಚೆಂದ. ಆದರೆ ಹಳ್ಳಿಯವರನ್ನು ಕೇಳದೆ ಅದರ ಕಡೆ ತಿರುಗಬೇಡಿ. ಅಯೋಧ್ಯೆಯಲ್ಲಿ ಸರಯೂ ದಾಟಲು ಗಟ್ಟಿ ಸೇತುವೆ ಇದೆ, ಅಷ್ಟು ಸಾಕು.

ದಾರಿ ಕೇಳುವುದಕ್ಕೂ ಒಂದು ರೀತಿ ಇದೆ. "ಇದು ಅಕ್ಬರ್‌ಪುರದ ದಾರಿ ಅಲ್ವಾ?" ಅಂದರೆ ಯಾರಾದರೂ "ಹಾಂ" ಅಂದುಬಿಡುತ್ತಾರೆ. ನಿಮಗೆ ಬೇಜಾರು ಮಾಡಬಾರದು ಅಂತ. "ಅಕ್ಬರ್‌ಪುರ್ ಕಿಧರ್ ಪಡೇಗಾ?", ಅಂದರೆ ಯಾವ ಕಡೆ ಬರುತ್ತದೆ ಅಂತ ಕೇಳಿ. ಟೆಂಪೋ ಡ್ರೈವರ್, ಚಹಾ ಅಂಗಡಿಯವರು ಸರಿಯಾಗಿ ಹೇಳುತ್ತಾರೆ. ಉತ್ತರದಲ್ಲಿ ನಾಲ್ಕು ಪದ ಬಂದೇ ಬರುತ್ತವೆ. ಪುಲಿಯಾ ಅಂದರೆ ಮೋರಿ. ನಹರ್ ಅಂದರೆ ಕಾಲುವೆ. ತಿರಾಹಾ ಅಂದರೆ ಮೂರು ದಾರಿ ಕೂಡುವ ಕಡೆ. ಭಟ್ಠಾ ಅಂದರೆ ಇಟ್ಟಿಗೆ ಗೂಡು, ಅದರ ಚಿಮಣಿ ಎರಡು ಮೂರು ಕಿಲೋಮೀಟರ್ ದೂರದಿಂದ ಕಾಣುತ್ತದೆ. ಬಯಲು ನಾಡಲ್ಲವೇ, ಗುಡ್ಡ ಇಲ್ಲದವರಿಗೆ ಅದೇ ಗುರುತು.

ನಿಮ್ಮ ಹಿಂದಿಯ ಚಿಂತೆ ಬಿಡಿ. ಅವರದ್ದೂ ಸಿನಿಮಾ ಹಿಂದಿ ಅಲ್ಲ. ಕಾಶಿ ಕಡೆ ಭೋಜಪುರಿ, ಅಯೋಧ್ಯೆ ಕಡೆ ಅವಧಿ. ಒಬ್ಬರೇ ಇದ್ದರೂ ತಮ್ಮನ್ನು "ಹಮ್" ಅಂದುಕೊಳ್ಳುತ್ತಾರೆ. ವ್ಯಾಕರಣ ತಪ್ಪಿದರೆ ಯಾರೂ ನಗುವುದಿಲ್ಲ. ತಪ್ಪಬಾರದ್ದು ಒಂದೇ, "ಆಪ್". ನಾವು ಕನ್ನಡದವರು ಹಿಂದಿಯಲ್ಲಿ ಎಲ್ಲರಿಗೂ "ತುಮ್" ಅಂದುಬಿಡುತ್ತೇವೆ. ದೊಡ್ಡವರಿಗೆ ಹಾಗೆ ಅಂದರೆ ಮುಖ ಸಣ್ಣದಾಗುತ್ತದೆ. ನಿಮ್ಮ ವಯಸ್ಸಿನವರಿಗೆ ಭೈಯಾ, ಹಿರಿಯರಿಗೆ ಚಾಚಾ ಅಥವಾ ಬಾಬಾ, ವಯಸ್ಸಾದ ಹೆಂಗಸರಿಗೆ ಅಮ್ಮಾ ಅನ್ನಿ.

ಹೆದರಿಕೆ ಕೇಳಿದ್ದಿರಿ. ಡಕಾಯಿತರ ಕಥೆಗಳು ಚಂಬಲ್ ಕಣಿವೆಯವು, ನಿಮ್ಮ ದಾರಿಗೆ ಬಲು ದೂರದ ಪಶ್ಚಿಮ, ಅದೂ ಹಳೆಯ ಕಾಲದ ಮಾತು. ಹಗಲಿನಲ್ಲಿ, ಕುಟುಂಬ ಸಮೇತ, ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಈ ಹಳ್ಳಿಗಳಲ್ಲಿ ನಾನು ಕಂಡದ್ದು ಕುತೂಹಲ ಮಾತ್ರ. ಅಮ್ಮ ಇದ್ದಾರಲ್ಲ, ಅವರೇ ನಿಮ್ಮ ಪಾಸ್‌ಪೋರ್ಟ್. ಗಂಡಸು ಕ್ಯಾಮೆರಾ ಹಿಡಿದು ಹೋದರೆ ಬಾಗಿಲಲ್ಲೇ ಮಾತು ಮುಗಿಯುತ್ತದೆ. ಅಮ್ಮ, ಹೆಂಡತಿ ಮುಂದೆ ಹೋದರೆ ಒಳಗಿನ ಅಂಗಳದವರೆಗೆ ಕರೆಯುತ್ತಾರೆ. ಸೆರಗು ಮುಖಕ್ಕೆ ಎಳೆದುಕೊಂಡಿರುವ ಸೊಸೆಯಂದಿರ ಫೋಟೋ ಮಾತ್ರ ಕೇಳದೆ ತೆಗೆಯಬೇಡಿ. ಕೂತ ತಕ್ಷಣ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಬರುತ್ತದೆ. ಬರೀ ನೀರು ಕೊಡುವುದು ಅಲ್ಲಿ ಅವಮಾನ. ನಮ್ಮಲ್ಲೂ ಬೆಲ್ಲ ನೀರು ಕೊಡುವ ಪದ್ಧತಿ ಇತ್ತಲ್ಲ, ಅಮ್ಮನಿಗೆ ನೆನಪಿರುತ್ತದೆ. ಬೆಲ್ಲ ತಿನ್ನಿ. ಹೊಟ್ಟೆ ಸೂಕ್ಷ್ಮ ಇದ್ದರೆ ನಿಮ್ಮ ಬಾಟಲಿ ನೀರು ಕುಡಿಯಿರಿ, "ಡಾಕ್ಟರ್ ಹೇಳಿದ್ದಾರೆ" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹೆದರಬೇಕಾದ್ದು ದನಕ್ಕೆ! ಛುಟ್ಟಾ ಜಾನ್ವರ್ ಅನ್ನುತ್ತಾರೆ, ಅಂದರೆ ಬಿಟ್ಟ ದನ. ಮಾರಲಾಗದೆ, ಸಾಕಲಾಗದೆ ಬಿಟ್ಟ ಹೋರಿಗಳು, ಗೊಡ್ಡು ಹಸುಗಳು. ಕತ್ತಲಾದ ಮೇಲೆ ರಸ್ತೆ ಮಧ್ಯೆಯೇ ಮಲಗಿರುತ್ತವೆ, ಹತ್ತಿರ ಹೋದರೂ ಏಳುವುದಿಲ್ಲ. ಜೊತೆಗೆ ನೀಲ್‌ಗಾಯ್. ಕುದುರೆಯಷ್ಟು ಎತ್ತರದ ಪ್ರಾಣಿ, ಮುಸ್ಸಂಜೆಗೆ ಹೊಲದಿಂದ ರಸ್ತೆಗೆ ಹಾರುತ್ತದೆ. ಒಂದು ದಾಟಿತು ಅಂತ ಹೊರಡಬೇಡಿ, ಹಿಂದೆ ಇನ್ನೆರಡು ಇರುತ್ತವೆ. ಇವುಗಳ ಕಾಟಕ್ಕೆ ರೈತರು ರಾತ್ರಿ ಹೊಲ ಕಾಯುತ್ತಾರೆ, ಸುತ್ತಲೂ ಬ್ಲೇಡಿನಂಥ ತಂತಿ ಬಿಗಿದಿರುತ್ತಾರೆ. ಸಾಸಿವೆ ಹೂವಿನ ನಡುವೆ ಫೋಟೋಗೆ ಅಂತ ಮಗಳು ಓಡುವ ಮುಂಚೆ ತಂತಿ ಇದೆಯಾ ಅಂತ ನೋಡಿ.

ಅಕಸ್ಮಾತ್ ಅಪಘಾತ ಆದರೆ 112ಕ್ಕೆ ಫೋನ್ ಮಾಡಿ, ಆಂಬುಲೆನ್ಸಿಗೆ 108. ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ಗಾಯಗೊಂಡವರನ್ನು ಬಿಟ್ಟು ಓಡಬಾರದು. ಜನ ಸೇರಿ ಕೈ ಮಾಡುವ ಹಾಗೆ ಕಂಡರೆ ಸೀದಾ ಹತ್ತಿರದ ಠಾಣೆಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಕೂಡ ಗುಂಪಿನ ಆಕ್ರೋಶ ಇರುವಾಗ ಡ್ರೈವರಿಗೆ ಈ ವಿನಾಯಿತಿ ಕೊಡುತ್ತದೆ.

ಊಟದ ಬಗ್ಗೆ ಚಿಕ್ಕದಾಗಿ. ಪೂರ್ವಾಂಚಲದವರು, ಅಂದರೆ ಯುಪಿಯ ಈ ಪೂರ್ವ ಭಾಗದವರು, ಮಧ್ಯಾಹ್ನ ಅನ್ನ ತಿನ್ನುವವರೇ, ಅಮ್ಮನಿಗೆ ತೊಂದರೆ ಆಗುವುದಿಲ್ಲ. ಆ ದಿನಗಳಲ್ಲಿ ಹಸಿ ಬಟಾಣಿ ಬಂದಿರುತ್ತದೆ. ಕಾಶಿಯಲ್ಲಿ ಚೂಡಾ ಮಟರ್ ಅಂತ ಕೇಳಿ. ತುಪ್ಪದಲ್ಲಿ ಮಾಡಿದ ಬಟಾಣಿ ಅವಲಕ್ಕಿ ಅದು. ಹಣಕ್ಕೆ ಹಳ್ಳಿ ಚಹಾ ಅಂಗಡಿಯಲ್ಲೂ ಯುಪಿಐ ನಡೆಯುತ್ತದೆ, ನೆಟ್‌ವರ್ಕ್ ನಡೆಯುವುದಿಲ್ಲ. ಹತ್ತು ಇಪ್ಪತ್ತರ ನೋಟು ಇರಲಿ. ಶೌಚಾಲಯಕ್ಕೆ ದೊಡ್ಡ ರಸ್ತೆಯ ಪೆಟ್ರೋಲ್ ಬಂಕೇ ಗತಿ. ಒಳದಾರಿಗೆ ಇಳಿಯುವ ಮುಂಚೆ ಹೆಂಗಸರಿಗೆ ಒಮ್ಮೆ ಕೇಳಿಬಿಡಿ.

ನಿಮ್ಮ ತಾರೀಕಿನಲ್ಲಿ ಒಂದು ಅದೃಷ್ಟ ಇದೆ, ಒಂದು ತೊಂದರೆ ಇದೆ. ನಮ್ಮ ಧನುರ್ಮಾಸ ಅವರಿಗೆ ಖರ್ಮಾಸ್. ಸಂಕ್ರಾಂತಿವರೆಗೆ ಮದುವೆ ಇಲ್ಲ. ಹಾಗಾಗಿ ರಾತ್ರಿ ಡಿಜೆ ಹಾಕಿಕೊಂಡು ರಸ್ತೆ ತುಂಬಾ ಕುಣಿಯುವ ಬಾರಾತ್, ಅಂದರೆ ಮದುವೆ ದಿಬ್ಬಣ, ನಿಮಗೆ ಅಡ್ಡ ಬರುವುದಿಲ್ಲ. ತೊಂದರೆ ಹೊಸ ವರ್ಷದ್ದು. 2024ರ ಜನವರಿಯಲ್ಲಿ ರಾಮಮಂದಿರದ ಪ್ರಾಣಪ್ರತಿಷ್ಠೆ ಆದ ಮೇಲೆ ವರ್ಷದ ಮೊದಲ ದಿನ ಅಯೋಧ್ಯೆಗೆ ಬರುವ ಜನಕ್ಕೆ ಲೆಕ್ಕ ಇಲ್ಲ. ಗಾಡಿಗಳನ್ನು ಊರಾಚೆಯೇ ತಡೆಯುತ್ತಾರೆ, ಅಮ್ಮನಿಗೆ ಕಿಲೋಮೀಟರುಗಟ್ಟಲೆ ನಡಿಗೆ. ಡಿಸೆಂಬರ್ 30ರ ಒಳಗೆ ಅಯೋಧ್ಯೆ ಮುಗಿಸಿ ಶ್ರಾವಸ್ತಿ ಕಡೆ ಹೊರಟುಬಿಡಿ.

ಅಲ್ಲಿಗೆ ಗೋಂಡಾ, ಬಲರಾಂಪುರದ ಮೇಲೆ ಸುಮಾರು ನೂರಹತ್ತು ಕಿಲೋಮೀಟರ್. ಹತ್ತಕ್ಕೆ ಬಿಟ್ಟರೆ ಎರಡರೊಳಗೆ ಶ್ರಾವಸ್ತಿಯ ಜೇತವನದಲ್ಲಿ ಇರುತ್ತೀರಿ. ಬುದ್ಧ ಅನೇಕ ಮಳೆಗಾಲಗಳನ್ನು ಕಳೆದ ಜಾಗ. ಜೈನರಿಗೆ ಶ್ರಾವಸ್ತಿ ಮೂರನೇ ತೀರ್ಥಂಕರ ಸಂಭವನಾಥರ ಜನ್ಮಸ್ಥಳ. ಬಲರಾಂಪುರ ದಾಟಿದ ಮೇಲೆ ಎಡಬಲ ಹೊಲ ನೋಡುತ್ತಾ ಹೋಗಿ, ಜೋಡಿ ಸಾರಸ್ ಕೊಕ್ಕರೆಗಳು ಸಿಗಬಹುದು. ಕೆಂಪು ತಲೆ, ಮನುಷ್ಯನ ಎತ್ತರ. ಅವೂ ಮಂಜು ಕರಗಿದ ಮೇಲೇ ಚೆನ್ನಾಗಿ ಕಾಣುವುದು. ಅವತ್ತು ರಾತ್ರಿ ಶ್ರಾವಸ್ತಿಯಲ್ಲೋ ಬಲರಾಂಪುರದಲ್ಲೋ ಉಳಿಯಿರಿ. ಮರುದಿನ ಬಹರಾಯಿಚ್ ಮೇಲೆ ಲಖನೌಗೆ ದೊಡ್ಡ ರಸ್ತೆಯಲ್ಲೇ ಬನ್ನಿ, ಇದೊಂದು ದಿನ ಒಳದಾರಿ ಬೇಡ. ಲಖನೌನಲ್ಲಿ ಒಂದು ರಾತ್ರಿ ತಂಗಿ. ಬೆಂಗಳೂರಿನ ವಿಮಾನವನ್ನು ಅದರ ಮರುದಿನ ಮಧ್ಯಾಹ್ನ ಎರಡರ ಮೇಲಿನದ್ದೇ ಬುಕ್ ಮಾಡಿ. ಬೆಳಗಿನ ವಿಮಾನಕ್ಕೂ ಕಾರಿಗೂ ಕೋಹರಾ ಒಂದೇ.